ತೀರಿಹೋದ ಬ್ರೌಸರಿಗೆ ಕಾವಲು, ಕನ್ನಡದ ಪುಟಕ್ಕೆ ಭಾರ: ಒಂದು ಸರ್ವರ್ ಫೈಲಿನ ಪ್ರಕರಣ

2016ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಉಬುಂಟು 16.04 ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಎಂಜಿನ್‌ಎಕ್ಸ್ ವೆಬ್ ಸರ್ವರನ್ನು ಸ್ಥಾಪಿಸಿದರೆ ಅದರ ಮುಖ್ಯ ಕಾನ್ಫಿಗರೇಶನ್ ಫೈಲಿನಲ್ಲಿ ಪುಟಗಳನ್ನು ಕುಗ್ಗಿಸಿ ಕಳುಹಿಸುವ ವಿಧಾನವಾದ ಜಿಜಿಪ್‌ಗೆ ಮೀಸಲಾದ ಒಂದು ಪುಟ್ಟ ಭಾಗ ಸಿಗುತ್ತದೆ. ಮೊದಲನೆಯ ಸಾಲು, ಜಿಜಿಪ್ ಚಾಲೂ ಇರಲಿ ಎನ್ನುತ್ತದೆ. ಎರಡನೆಯ ಸಾಲು, 'ಎಂಎಸ್‌ಐಇ6' ಗುರುತಿನ ಬ್ರೌಸರ್ ಬಂದರೆ ಜಿಜಿಪ್ ಬೇಡ ಎನ್ನುತ್ತದೆ. ಅದರ ಕೆಳಗಿನ ಸಾಲುಗಳಿಗೆಲ್ಲ ಮುಂದೆ ಹ್ಯಾಷ್ ಚಿಹ್ನೆ ಇದೆ. ಸರ್ವರ್ ಅವುಗಳನ್ನು ಓದುವುದೇ ಇಲ್ಲ. ಹಾಗೆ ಬದಿಗೆ ಸರಿದಿರುವ ಸಾಲುಗಳಲ್ಲಿ ಯಾವ ಬಗೆಯ ಫೈಲುಗಳನ್ನು ಕುಗ್ಗಿಸಬೇಕು ಎಂಬ ಪಟ್ಟಿಯೂ ಸೇರಿದೆ.

ಈ ಪ್ರಕರಣದ ಜೀವಾಳ ಇಲ್ಲಿದೆ. 2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರ ಮೇಲೆ ಕಣ್ಣಿಡುವ ಸಾಲು 2016ರಲ್ಲೂ ಎಚ್ಚರವಾಗಿದೆ. ಇವತ್ತಿನ ಪ್ರತಿಯೊಬ್ಬ ಓದುಗನ ಡೇಟಾ ಉಳಿಸಬೇಕಾದ ಸಾಲು ಮಲಗಿದೆ. ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿರುವ ನನಗೆ ಈ ಫೈಲು ಬಹಳ ಮುಖ್ಯವಾಗಿ ಕಾಣುತ್ತದೆ. ಸಣ್ಣ ತಾಣಗಳು, ಅದರಲ್ಲೂ ಪತ್ರಿಕೆ, ಬ್ಲಾಗು, ಸಂಘಸಂಸ್ಥೆಗಳ ತಾಣಗಳು, ಸ್ಥಾಪನೆಯ ದಿನ ಬಂದದ್ದನ್ನು ಹಾಗೆಯೇ ಇಟ್ಟುಕೊಂಡು ವರ್ಷಗಟ್ಟಲೆ ನಡೆಯುತ್ತವೆ. ಅಂಥ ಸರ್ವರ್ ಒಂದು ಕನ್ನಡ ತಾಣವನ್ನು ಹೊತ್ತಿದೆ ಎಂದಿಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ.

ಫೈಲು ನಿಜವಾಗಿ ಮಾಡುವುದೇನು

ಬ್ರೌಸರ್ ಪ್ರತಿ ಕೋರಿಕೆಯ ಜೊತೆ 'ಆಕ್ಸೆಪ್ಟ್-ಎನ್‌ಕೋಡಿಂಗ್' ಎಂಬ ಹೆಡರ್ (ಕೋರಿಕೆ, ಉತ್ತರಗಳ ತಲೆಯಲ್ಲಿ ಬರುವ ಮಾಹಿತಿಯ ಸಾಲು) ಕಳುಹಿಸಿ, ತಾನು ಯಾವ ಯಾವ ಸಂಕುಚನವನ್ನು ಬಿಚ್ಚಬಲ್ಲೆ ಎಂದು ತಿಳಿಸುತ್ತದೆ. ಸರ್ವರ್ ಅದರಲ್ಲಿ ಒಂದನ್ನು ಆರಿಸಿಕೊಂಡು, 'ಕಂಟೆಂಟ್-ಎನ್‌ಕೋಡಿಂಗ್' ಹೆಡರಿನಲ್ಲಿ ತನ್ನ ಆಯ್ಕೆಯನ್ನು ಹೇಳಿ, ಕುಗ್ಗಿಸಿದ ಪುಟವನ್ನು ಕಳುಹಿಸುತ್ತದೆ. 1997ರ ಜನವರಿಯಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 (ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಾವಳಿ) ನಿರ್ದಿಷ್ಟತೆಯಲ್ಲೇ ಈ ಕ್ರಮವಿದೆ. ಅಂದರೆ 'ಯಾರಿಗೆ' ಎಂಬ ಪ್ರಶ್ನೆಗೆ ಉತ್ತರ ಕೇಳುವವನ ಬಾಯಿಂದಲೇ ಬರಬೇಕು. ಸರ್ವರಿನ ಯಜಮಾನ ತಲೆಕೆಡಿಸಿಕೊಳ್ಳಬೇಕಾದದ್ದು 'ಯಾವುದನ್ನು' ಎಂಬ ಪ್ರಶ್ನೆಗೆ.

ಎಂಜಿನ್‌ಎಕ್ಸ್‌ನಲ್ಲಿ ಪಟ್ಟಿ ಕೊಡದಿದ್ದರೆ ಕುಗ್ಗುವುದು ಎಚ್‌ಟಿಎಂಎಲ್ ಮಾತ್ರ. ಪುಟದ ರೂಪ ಹೇಳುವ ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ದತ್ತಾಂಶ ಹೊರುವ ಜೇಸನ್, ಹೊಸ ಬರಹಗಳ ಪಟ್ಟಿಯಾದ ಆರ್‌ಎಸ್‌ಎಸ್, ಎಸ್‌ವಿಜಿ ಚಿತ್ರ, ಟಿಟಿಎಫ್ ಅಕ್ಷರಶೈಲಿ ಎಲ್ಲವೂ ಇದ್ದ ಗಾತ್ರದಲ್ಲೇ ಹೋಗುತ್ತವೆ. ನಾವು ಏನೂ ಬರೆಯದಿದ್ದರೆ ತಾನಾಗಿ ಅನ್ವಯಿಸುವ ಇನ್ನೂ ಎರಡು ಪೂರ್ವನಿಯೋಜಿತ ಮೌಲ್ಯಗಳು ಸದ್ದಿಲ್ಲದೆ ಕೆಲಸ ಮಾಡುತ್ತವೆ. ಕೋರಿಕೆಯಲ್ಲಿ 'ವಯಾ' ಹೆಡರ್ ಇದ್ದರೆ, ಅಂದರೆ ನಡುವೆ ಕೋರಿಕೆಯನ್ನು ದಾಟಿಸುವ ಪ್ರಾಕ್ಸಿ ಸರ್ವರೊಂದು ತನ್ನ ಇರುವಿಕೆ ಹೇಳಿಕೊಂಡಿದ್ದರೆ, ಎಂಜಿನ್‌ಎಕ್ಸ್ ಏನನ್ನೂ ಕುಗ್ಗಿಸುವುದಿಲ್ಲ. ಕೋರಿಕೆ ಎಚ್‌ಟಿಟಿಪಿ 1.0ರಲ್ಲಿ ಬಂದರೂ ಅಷ್ಟೇ. ಈ ಎರಡನೆಯದು ತುಂಬ ಜನರನ್ನು ಕಾಡಿದೆ. ಒಂದು ಎಂಜಿನ್‌ಎಕ್ಸ್ ಮುಂದೆ ನಿಂತು ಹಿಂದಿನ ಇನ್ನೊಂದು ಎಂಜಿನ್‌ಎಕ್ಸ್‌ಗೆ ಕೋರಿಕೆ ದಾಟಿಸುವಾಗ, ಬೇರೆ ಹೇಳದಿದ್ದರೆ ಬಹುಕಾಲ 1.0 ಆವೃತ್ತಿಯಲ್ಲೇ ದಾಟಿಸುತ್ತಿತ್ತು. ಹಿಂದಿನ ಸರ್ವರಿನಲ್ಲಿ ಜಿಜಿಪ್ ಚಾಲೂ ಇದೆ, ಬ್ರೌಸರ್ ಜಿಜಿಪ್ ಕೇಳುತ್ತಿದೆ, ಆದರೂ ಪುಟ ದಪ್ಪಗೆ ಬರುತ್ತಿದೆ. ಎರಡು ಸರ್ವರುಗಳ ನಡುವಿನ ಆವೃತ್ತಿ ಸಂಖ್ಯೆಯನ್ನು ನೋಡಬೇಕೆಂದು ಯಾರಿಗೂ ಬೇಗ ಹೊಳೆಯುವುದಿಲ್ಲ.

ಆ ಕಾವಲಿನ ಸಾಲು ಎಲ್ಲಿಂದ ಬಂತು

ಅದು ಮೂರ್ಖತನದಿಂದ ಬಂದದ್ದಲ್ಲ. ಬ್ರೌಸರಿನ ಮಾತನ್ನು ನಂಬಲಾಗದ ಕಾಲವೊಂದು ನಿಜವಾಗಿಯೂ ಇತ್ತು. ನೆಟ್‌ಸ್ಕೇಪ್ 4ರ ಸರಣಿ ತನಗೆ ಜಿಜಿಪ್ ಬರುತ್ತದೆ ಎಂದು ಹೇಳಿಕೊಳ್ಳುತ್ತಿತ್ತು. ಎಚ್‌ಟಿಎಂಎಲ್ ಬಿಟ್ಟು ಬೇರೇನು ಕಳುಹಿಸಿದರೂ ಎಡವುತ್ತಿತ್ತು. ಅದರಲ್ಲೂ 4.06ರಿಂದ 4.08ರವರೆಗಿನ ಆವೃತ್ತಿಗಳಿಗೆ ಎಚ್‌ಟಿಎಂಎಲ್ ಕೂಡ ಬಿಚ್ಚಲು ಬರುತ್ತಿರಲಿಲ್ಲ. ಇನ್ನೊಂದು ವೆಬ್ ಸರ್ವರಾದ ಅಪಾಚೆ 2.0ರಲ್ಲಿ ಪುಟ ಕುಗ್ಗಿಸುವ ಡಿಫ್ಲೇಟ್ ಮಾಡ್ಯೂಲಿನ ಕೈಪಿಡಿ ಇದಕ್ಕಾಗಿ ಮೂರು ನಿಯಮಗಳನ್ನು ಕೊಟ್ಟಿತ್ತು. ಬ್ರೌಸರಿನ ಹೆಸರು 'ಮೊಜಿಲ್ಲಾ/4' ಎಂದು ಶುರುವಾದರೆ ಎಚ್‌ಟಿಎಂಎಲ್ ಮಾತ್ರ ಕುಗ್ಗಿಸು. 'ಮೊಜಿಲ್ಲಾ/4.0' ಆದಮೇಲೆ ತಕ್ಷಣ 6, 7 ಅಥವಾ 8 ಬಂದರೆ ಏನನ್ನೂ ಕುಗ್ಗಿಸಬೇಡ. ಹೆಸರಿನಲ್ಲಿ ಎಲ್ಲಾದರೂ 'ಎಂಎಸ್‌ಐಇ' ಕಂಡರೆ ಮೇಲಿನ ಎರಡೂ ಆಜ್ಞೆಗಳನ್ನು ರದ್ದುಮಾಡು.

ಮೂರನೆಯ ನಿಯಮ ಏಕೆ ಬೇಕಾಯಿತು ಎಂದು ಒಂದೊಂದೇ ಬ್ರೌಸರನ್ನು ಹಾಯಿಸಿ ನೋಡಿದರೆ ತಿಳಿಯುತ್ತದೆ. ನೆಟ್‌ಸ್ಕೇಪ್ 4.7 ಬಂದರೆ ಮೊದಲನೆಯ ನಿಯಮ ಹಿಡಿಯುತ್ತದೆ, ಎರಡನೆಯದು ಬಿಡುತ್ತದೆ; ಎಚ್‌ಟಿಎಂಎಲ್ ಮಾತ್ರ ಕುಗ್ಗುತ್ತದೆ. 4.08 ಬಂದರೆ ಎರಡೂ ಹಿಡಿಯುತ್ತವೆ; ಏನೂ ಕುಗ್ಗುವುದಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ತನ್ನನ್ನು 'ಮೊಜಿಲ್ಲಾ/4.0 (ಕಂಪ್ಯಾಟಿಬಲ್, ಎಂಎಸ್‌ಐಇ 6.0, ವಿಂಡೋಸ್ ಎನ್‌ಟಿ 5.1)' ಎಂದು ಪರಿಚಯಿಸಿಕೊಳ್ಳುತ್ತಿತ್ತು. ನೆಟ್‌ಸ್ಕೇಪಿಗೆಂದೇ ಬರೆದ ಪುಟಗಳು ತನಗೂ ಸಿಗಲಿ ಎಂದು ತೊಟ್ಟುಕೊಂಡ ಹೆಸರು ಅದು. ಆ ಹೆಸರಿನಿಂದಾಗಿ ಅದು ಮೊದಲನೆಯ ನಿಯಮದ ಬಲೆಗೆ ಬೀಳುತ್ತದೆ, ಮೂರನೆಯ ನಿಯಮದಿಂದ ಬಿಡುಗಡೆ ಪಡೆಯುತ್ತದೆ. ಫೈರ್‌ಫಾಕ್ಸ್ 'ಮೊಜಿಲ್ಲಾ/5.0' ಆದ್ದರಿಂದ ಯಾವ ನಿಯಮಕ್ಕೂ ಸಿಗದೆ ನೇರವಾಗಿ ದಾಟುತ್ತದೆ.

ವಿಪರ್ಯಾಸವೆಂದರೆ, ಮೂರನೆಯ ನಿಯಮ ಬಿಡಿಸಿದ ಎಕ್ಸ್‌ಪ್ಲೋರರ್ 6 ಕೂಡ ಪೂರ್ತಿ ನಂಬಿಕಸ್ಥನಾಗಿರಲಿಲ್ಲ. ಜಿಜಿಪ್ ಆಗಿ ಬಂದ ಉತ್ತರದ ಮೊದಲ 2,048 ಬೈಟುಗಳು ಕಳೆದುಹೋಗುವ ದೋಷವನ್ನು ಮೈಕ್ರೋಸಾಫ್ಟ್ ತಾನೇ ತನ್ನ ಬೆಂಬಲ ಲೇಖನವೊಂದರಲ್ಲಿ ಒಪ್ಪಿಕೊಂಡಿತ್ತು. ತಲೆಯ ಭಾಗ ಇಲ್ಲದ ಜಾವಾಸ್ಕ್ರಿಪ್ಟ್ ಫೈಲು ಓಡುವುದಿಲ್ಲ, ಪುಟ ಅರೆಬರೆಯಾಗಿ ನಿಲ್ಲುತ್ತದೆ. ದೋಷ ಪ್ರತಿ ಸಲವೂ ಕಾಣಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ ಪತ್ತೆ ಹಚ್ಚುವುದು ಇನ್ನಷ್ಟು ಕಷ್ಟವಾಗುತ್ತಿತ್ತು. 2004ರ ಆಗಸ್ಟ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ ಬಂದಮೇಲೆ ಪರಿಸ್ಥಿತಿ ಸುಧಾರಿಸಿತು. ಸುಧಾರಿಸಿದ ಬ್ರೌಸರಿನ ಹೆಸರಿನಲ್ಲಿ 'ಎಸ್‌ವಿ1' ಎಂಬ ಗುರುತು ಇರುತ್ತಿತ್ತು. ಎಂಜಿನ್‌ಎಕ್ಸ್‌ನ 'ಎಂಎಸ್‌ಐಇ6' ನಿಯಮ ಈ ಸೂಕ್ಷ್ಮವನ್ನು ಬಲ್ಲದು: ಅದು ಎಕ್ಸ್‌ಪ್ಲೋರರ್ 4ರಿಂದ 6ರವರೆಗೆ ತಡೆಯುತ್ತದೆ, ಆದರೆ 0.8.11 ಆವೃತ್ತಿಯಿಂದ ಈಚೆಗೆ 'ಎಸ್‌ವಿ1' ಇರುವ 6ನ್ನು ಬಿಟ್ಟುಬಿಡುತ್ತದೆ.

ಆ ಕಾಲಕ್ಕೆ ಇವೆಲ್ಲ ಸರಿಯಾದ, ಎಚ್ಚರದ ಕೆಲಸಗಳು. ನನ್ನ ತಕರಾರು ನಿಯಮದ ಮೇಲಲ್ಲ, ಅದಕ್ಕೆ ಮುಗಿಯುವ ದಿನಾಂಕ ಬರೆಯದಿದ್ದದ್ದರ ಮೇಲೆ. ಬ್ರೌಸರಿನ ಹೆಸರು ನೋಡಿ ನಿರ್ಧರಿಸುವ ನಿಯಮ ಒಂದು ತಾತ್ಕಾಲಿಕ ಏರ್ಪಾಡು. ಅದನ್ನು ಬರೆದವರು ಬೇರೆ ಕೆಲಸಕ್ಕೆ ಹೋಗುತ್ತಾರೆ, ಬ್ರೌಸರ್ ಮರೆಯಾಗುತ್ತದೆ, ನಿಯಮ ಮಾತ್ರ ಒಂದು ಫೈಲಿನಿಂದ ಇನ್ನೊಂದಕ್ಕೆ ನಕಲಾಗುತ್ತಲೇ ಇರುತ್ತದೆ.

ಅದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಹೆಸರು ನೋಡಿ ಬೇರೆ ಬೇರೆ ಉತ್ತರ ಕೊಡುವ ಸರ್ವರ್, ಪುಟದ ಪ್ರತಿಯನ್ನು ಇಟ್ಟುಕೊಂಡು ಮತ್ತೆ ಕೊಡುವ ನಡುವಿನ ಕ್ಯಾಶೆಗಳಿಗೆ ಆ ಸಂಗತಿಯನ್ನು 'ವೇರಿ' ಹೆಡರಿನಲ್ಲಿ ಹೇಳಲೇಬೇಕು. ಇಲ್ಲದಿದ್ದರೆ ಒಬ್ಬರಿಗೆಂದು ಕುಗ್ಗಿಸಿದ ಪುಟ, ಬಿಚ್ಚಲು ಬಾರದ ಇನ್ನೊಬ್ಬರಿಗೆ ತಲುಪುತ್ತದೆ. ಅಪಾಚೆ ಕೈಪಿಡಿ ಅದರಂತೆಯೇ ಬ್ರೌಸರ್ ಹೆಸರನ್ನು 'ವೇರಿ'ಗೆ ಸೇರಿಸಲು ಹೇಳಿತು. ಆದರೆ ಆಗಿನ ಎಕ್ಸ್‌ಪ್ಲೋರರ್ ಹೆಸರಿನ ಕೊನೆಗೆ '.ನೆಟ್ ಸಿಎಲ್‌ಆರ್ 1.1.4322'ರಂಥ ಬಾಲಗಳು ಅಂಟಿಕೊಳ್ಳುತ್ತಿದ್ದವು. ಕಂಪ್ಯೂಟರಿನಲ್ಲಿ ಏನೇನು ಸ್ಥಾಪನೆಯಾಗಿದೆಯೋ ಅದಕ್ಕೆ ತಕ್ಕಂತೆ ಬಾಲ ಬೇರೆ. ಪ್ರತಿ ಬಾಲಕ್ಕೂ ಕ್ಯಾಶೆಯಲ್ಲಿ ಪ್ರತ್ಯೇಕ ಪ್ರತಿ. ಒಂದೇ ಪುಟವನ್ನು ಸರ್ವರ್ ಮತ್ತೆ ಮತ್ತೆ ಕೊಡಬೇಕಾಗುತ್ತಿತ್ತು. 'ವೇರಿ'ಯಲ್ಲಿ 'ಆಕ್ಸೆಪ್ಟ್-ಎನ್‌ಕೋಡಿಂಗ್' ಒಂದೇ ಇದ್ದರೆ ಈ ತೊಂದರೆಯ ಬಹುಪಾಲು ಇರುವುದಿಲ್ಲ.

ಕೇಳುವವನ ಮಾತನ್ನು ನಡುವೆ ಅಳಿಸುವವರು

ಬ್ರೌಸರಿನ ಹೆಸರನ್ನು ಬಿಟ್ಟು ಹೆಡರನ್ನು ನಂಬೋಣ ಎಂದರೆ ಅಲ್ಲಿಯೂ ಒಂದು ಇತಿಹಾಸವಿದೆ. ಕೆಲವು ಆಂಟಿವೈರಸ್ ತಂತ್ರಾಂಶಗಳು ಮತ್ತು ಕಚೇರಿಗಳ ಪ್ರಾಕ್ಸಿಗಳು ಒಳಬರುವ ಪುಟಗಳನ್ನು ತಪಾಸಣೆ ಮಾಡಬೇಕಿತ್ತು. ಕುಗ್ಗಿಸಿದ ಪುಟವನ್ನು ಬಿಚ್ಚಿ ನೋಡುವುದಕ್ಕಿಂತ, ಕುಗ್ಗಿಸದ ಪುಟವೇ ಬರುವಂತೆ ಮಾಡುವುದು ಅವಕ್ಕೆ ಸುಲಭವಾಗಿ ಕಂಡಿತು. ಹಾಗಾಗಿ ಹೊರಹೋಗುವ ಕೋರಿಕೆಯಲ್ಲಿ 'ಆಕ್ಸೆಪ್ಟ್-ಎನ್‌ಕೋಡಿಂಗ್' ಎಂಬ ಹೆಸರನ್ನೇ ಕೆಡಿಸಿಬಿಡುತ್ತಿದ್ದವು. ಇಂಗ್ಲಿಷಿನಲ್ಲಿ ಆ ಹೆಸರಿಗೆ ನಡುವಿನ ಗೆರೆಯೂ ಸೇರಿ 15 ಅಕ್ಷರ. ಕೋರಿಕೆಯ ಒಟ್ಟು ಉದ್ದ ಬದಲಾಗದಂತೆ ಅದರ ಜಾಗದಲ್ಲಿ 15 ಅಡ್ಡಗೆರೆ, ಅಥವಾ 15 ಎಕ್ಸ್ ಅಕ್ಷರ, ಅಥವಾ 15 ಟಿಲ್ಡೆ ಚಿಹ್ನೆ. ಸರ್ವರಿಗೆ ಅದು ಅರ್ಥವಾಗದ ಹೆಡರ್. ಪುಟ ಪೂರ್ಣ ಗಾತ್ರದಲ್ಲಿ ಹೋಗುತ್ತದೆ. ಒಳ್ಳೆಯ ಬ್ರೌಸರ್ ಇಟ್ಟುಕೊಂಡವರೂ ತಮಗೆ ಗೊತ್ತಿಲ್ಲದೆಯೇ ನಿಧಾನದ ವೆಬ್ ಬಳಸುತ್ತಿದ್ದರು.

ಮಾತುಕತೆಯನ್ನು ಗೂಢಲಿಪಿಯಲ್ಲಿ ಮುಚ್ಚುವ ಎಚ್‌ಟಿಟಿಪಿಎಸ್ ಹರಡಿದಮೇಲೆ ನಡುವಿನವರು ಕೋರಿಕೆಯೊಳಗೆ ಕೈಹಾಕುವುದು ಕಷ್ಟವಾಯಿತು. ಗೂಗಲ್‌ನಲ್ಲಿ ಹುಟ್ಟಿ 2016ರ ಜುಲೈಯಲ್ಲಿ ಆರ್‌ಎಫ್‌ಸಿ 7932 (ಅಂತರಜಾಲದ ತಾಂತ್ರಿಕ ದಾಖಲೆ) ಆಗಿ ಪ್ರಕಟವಾದ ಬ್ರಾಟ್ಲಿ ಎಂಬ ಸಂಕುಚನ ವಿಧಾನವನ್ನು ಬ್ರೌಸರುಗಳು ಎಚ್‌ಟಿಟಿಪಿಎಸ್ ಸಂಪರ್ಕದಲ್ಲಿ ಮಾತ್ರ ಕೇಳುವುದಕ್ಕೂ ಇದೇ ಕಾರಣ. ಗುರುತಿಲ್ಲದ ಸಂಕುಚನವನ್ನು ಕಂಡು ಹಳೆಯ ಪ್ರಾಕ್ಸಿಗಳು ಪುಟವನ್ನು ಕೆಡಿಸುವ ಅಪಾಯವನ್ನು ಹೀಗೆ ತಪ್ಪಿಸಿದರು.

ಕನ್ನಡದ ಬೈಟುಗಳು

ಇಷ್ಟೆಲ್ಲ ಇಂಗ್ಲಿಷ್ ತಾಣಕ್ಕೂ ಅನ್ವಯಿಸುವ ಮಾತು. ಕನ್ನಡ ತಾಣಕ್ಕೆ ಇದರ ಪೆಟ್ಟು ಹೆಚ್ಚು ಬೀಳುತ್ತದೆ. ನನಗೆ ಈ ಪ್ರಕರಣ ಮನಸ್ಸಿಗೆ ಹತ್ತಿರವಾಗಿರುವುದೂ ಇದೇ ಕಾರಣಕ್ಕೆ.

ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಕಾಗುಣಿತದ ಚಿಹ್ನೆಗೆ ಬೇರೆ ಮೂರು, ಅರ್ಧಾಕ್ಷರದ ವಿರಾಮ ಚಿಹ್ನೆಗೆ ಬೇರೆ ಮೂರು. 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಯಂತ್ರಕ್ಕೆ ಕ, ನ, ವಿರಾಮ, ನ, ಡ ಎಂಬ ಐದು ಸಂಕೇತಗಳು, ಒಟ್ಟು 15 ಬೈಟುಗಳು. ದಶಮಾನ ಸಂಖ್ಯೆಯಲ್ಲಿ ಬರೆದರೆ ಹೀಗೆ: 224 178 149, 224 178 168, 224 179 141, 224 178 168, 224 178 161. ಇದರಲ್ಲಿ 224 ಐದು ಸಲ ಬಂದಿದೆ, 178 ನಾಲ್ಕು ಸಲ, 179 ಒಂದು ಸಲ. ಅಂದರೆ 15ರಲ್ಲಿ 10 ಬೈಟುಗಳು 'ಇದು ಕನ್ನಡ' ಎಂಬುದನ್ನೇ ಪದೇ ಪದೇ ಸಾರುತ್ತಿವೆ. ಅಕ್ಷರ ಯಾವುದೆಂದು ಬೇರ್ಪಡಿಸಿ ಹೇಳುವ ಹೊಣೆ ಹೆಚ್ಚಾಗಿ ಮೂರನೆಯ ಬೈಟಿನ ಮೇಲಿದೆ. ಇಂಥ ಪುನರುಕ್ತಿಯನ್ನು ಹಿಂಡಿ ತೆಗೆಯುವುದೇ ಜಿಜಿಪ್‌ನ ಕಸುಬು. ಮೂರಕ್ಕೊಂದು ಸಲ ಬರುವ 224ಕ್ಕೆ ಅದು ಅತಿ ಚಿಕ್ಕ ಸಂಕೇತ ಕೊಡುತ್ತದೆ.

ಜಿಜಿಪ್‌ನ ಒಳಗಿರುವ ಡಿಫ್ಲೇಟ್ ವಿಧಾನ ಹಿಂದೆ ಬಂದದ್ದೇ ಮತ್ತೆ ಬಂದರೆ 'ಅಷ್ಟು ದೂರ ಹಿಂದೆ, ಇಷ್ಟು ಉದ್ದ' ಎಂದು ಬರೆದು ಮುಗಿಸುತ್ತದೆ. ಅದು ಗುರುತಿಸುವ ಕನಿಷ್ಠ ಉದ್ದ ಮೂರು ಬೈಟ್, ಗರಿಷ್ಠ 258. ಮೂರು ಬೈಟ್ ಎಂದರೆ ಕನ್ನಡದ ಒಂದೇ ಸಂಕೇತವಾದ್ದರಿಂದ ಅದರಿಂದ ದೊಡ್ಡ ಲಾಭವಿಲ್ಲ. ಲಾಭವಿರುವುದು ನಮ್ಮ ಪ್ರತ್ಯಯಗಳಲ್ಲಿ. 'ಗಳನ್ನು' ಎಂಬುದು 18 ಬೈಟ್, 'ದಲ್ಲಿ' 15 ಬೈಟ್. ಒಂದು ಲೇಖನದಲ್ಲಿ ಇವು ಎಷ್ಟು ಸಲ ಬರುತ್ತವೆ ಎಂದು ಯಾವ ಓದುಗನೂ ಊಹಿಸಬಲ್ಲ. ವಿಭಕ್ತಿ, ಬಹುವಚನ, ಕ್ರಿಯಾಪದದ ಕೊನೆಗಳೆಲ್ಲ ಹೀಗೆ ಮಡಚಿಕೊಳ್ಳುತ್ತವೆ.

ಒಂದು ಮಿತಿಯೂ ಇದೆ. ಡಿಫ್ಲೇಟ್ ಹಿಂದಿರುಗಿ ನೋಡಬಲ್ಲದ್ದು 32,768 ಬೈಟುಗಳಷ್ಟು ಮಾತ್ರ. ಇಂಗ್ಲಿಷಿನಲ್ಲಿ ಅದು ಅಷ್ಟೇ ಅಕ್ಷರಗಳ ನೆನಪು. ಕನ್ನಡದಲ್ಲಿ ಹತ್ತು ಸಾವಿರದ ಒಂಬೈನೂರು ಚಿಲ್ಲರೆ ಸಂಕೇತಗಳ ನೆನಪು. ಉದ್ದನೆಯ ಕಥೆಯೊಂದರ ಕೊನೆಯ ಭಾಗ ಕುಗ್ಗುವಾಗ ಮೊದಲ ಭಾಗ ಅದರ ನೆನಪಿನಲ್ಲಿ ಇರುವುದಿಲ್ಲ. ಬ್ರಾಟ್ಲಿ ಹಿಂದಿರುಗಿ ನೋಡುವ ಕಿಟಕಿ 16 ಮೆಗಾಬೈಟಿನವರೆಗೂ ತೆರೆಯಬಲ್ಲದು. ಹಾಗಾಗಿ ಉದ್ದನೆಯ ಕನ್ನಡ ಬರಹಕ್ಕೆ ಬ್ರಾಟ್ಲಿ ಹೆಚ್ಚು ಒಗ್ಗುತ್ತದೆ ಎಂದು ನಾನು ಹೇಳುತ್ತೇನೆ. ಬ್ರಾಟ್ಲಿಯ ಜೊತೆ ಸುಮಾರು 120 ಕಿಲೋಬೈಟಿನ ಸಿದ್ಧ ನಿಘಂಟೂ ಬರುತ್ತದೆ. ಅದರಲ್ಲಿ ಇಂಗ್ಲಿಷ್, ಸ್ಪ್ಯಾನಿಷ್, ಚೀನೀ, ಹಿಂದಿ, ರಷ್ಯನ್, ಅರಬ್ಬೀ ಪದಗಳಿವೆ. ಕನ್ನಡಕ್ಕೆ ಅಲ್ಲಿ ಜಾಗ ಸಿಕ್ಕಿಲ್ಲ. ಆದರೂ ಎಚ್‌ಟಿಎಂಎಲ್‌ನ ಸಾಮಾನ್ಯ ತುಣುಕುಗಳು ಆ ನಿಘಂಟಿನಲ್ಲಿ ಇರುವುದರಿಂದ ಪುಟದ ಚೌಕಟ್ಟಿಗೆ ಲಾಭ ಸಿಗುತ್ತದೆ.

ಬೈಟಿನ ಲೆಕ್ಕ ಮೊದಲ ಕ್ಷಣಗಳಲ್ಲಿ ಮುಖ್ಯ. 2013ರ ಆರ್‌ಎಫ್‌ಸಿ 6928ರ ಪ್ರಕಾರ ಸರ್ವರ್ ಮರುಮಾತಿಗೆ ಕಾಯದೆ ಮೊದಲಿಗೆ ಕಳುಹಿಸಬಹುದಾದದ್ದು ಹತ್ತು ಪೊಟ್ಟಣಗಳನ್ನು. ಒಂದೊಂದೂ 1,460 ಬೈಟ್ ಎಂದರೆ 14,600 ಬೈಟ್. ಕುಗ್ಗಿಸದ ಕನ್ನಡವಾದರೆ ಅದರಲ್ಲಿ ಐದು ಸಾವಿರ ಸಂಕೇತಗಳೂ ಹಿಡಿಸುವುದಿಲ್ಲ, ಟ್ಯಾಗುಗಳ ಪಾಲು ಬೇರೆ. ಬಸ್ಸಿನಲ್ಲಿ ಕುಳಿತು, ಘಾಟಿಯ ತಿರುವಿನಲ್ಲಿ ಸಿಕ್ಕಷ್ಟು ಸಿಗ್ನಲ್ಲಿನಲ್ಲಿ ಓದುವವನಿಗೆ ಸರ್ವರಿನೊಡನೆ ಇನ್ನೊಂದು ಸುತ್ತಿನ ಮಾತುಕತೆ ಎಂದರೆ ಇನ್ನೊಂದಿಷ್ಟು ಹೊತ್ತು ಖಾಲಿ ಪರದೆ.

ಉಬುಂಟುವಿನ ಆ ಫೈಲಿನಲ್ಲಿ ಎಚ್‌ಟಿಎಂಎಲ್ ಕುಗ್ಗುತ್ತದಲ್ಲ, ಮತ್ತೇನು ನಷ್ಟ ಎಂದು ಕೇಳಬಹುದು. ಇವತ್ತಿನ ಎಷ್ಟೋ ತಾಣಗಳಲ್ಲಿ ಲೇಖನದ ಪಠ್ಯವೇ ಜೇಸನ್ ಆಗಿ ಬರುತ್ತದೆ. ಅದು ಕುಗ್ಗದೆ ಬರುತ್ತದೆ. ಜೊತೆಗೆ ಅಕ್ಷರಶೈಲಿ. ಒತ್ತಕ್ಷರ, ಗುಣಿತಾಕ್ಷರಗಳಿಗೆಲ್ಲ ರೂಪ ಬೇಕಾದ ಕನ್ನಡದ ಟಿಟಿಎಫ್ ಫೈಲು ಹಗುರವಾಗಿರುವುದಿಲ್ಲ, ಮತ್ತು ಅದರೊಳಗೆ ಸಂಕುಚನ ಇಲ್ಲ.

ನಾನು ಬರೆಯುವ ಫೈಲು

ಮೊದಲು 'ಎಂಎಸ್‌ಐಇ6' ಸಾಲನ್ನು ಅಳಿಸುತ್ತೇನೆ. ಇದರಲ್ಲಿ ಧೈರ್ಯದ ಮಾತೇನೂ ಇಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ಅದಕ್ಕಿಂತ ಮುಖ್ಯವಾಗಿ, ಆ ಬ್ರೌಸರಿಗೆ ಎಚ್‌ಟಿಟಿಪಿಎಸ್‌ನ ಗೂಢಲಿಪಿ ನಿಯಮವಾದ ಟಿಎಲ್‌ಎಸ್ 1.2 ಬರುವುದಿಲ್ಲ, ಒಂದೇ ವಿಳಾಸದಲ್ಲಿ ಹಲವು ಎಚ್‌ಟಿಟಿಪಿಎಸ್ ತಾಣಗಳಿದ್ದರೆ ಬೇಕಾದದ್ದನ್ನು ಹೆಸರಿಸುವ ಎಸ್‌ಎನ್‌ಐ ಕೂಡ ಬರುವುದಿಲ್ಲ. ಈಗಿನ ಎಚ್‌ಟಿಟಿಪಿಎಸ್ ತಾಣದ ಬಾಗಿಲವರೆಗೂ ಅದು ತಲುಪಲಾರದು.

ಎರಡನೆಯದು ಪಟ್ಟಿ. ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಜೇಸನ್, ಎಕ್ಸ್‌ಎಂಎಲ್ ಮತ್ತು ಆರ್‌ಎಸ್‌ಎಸ್, ಬರಿಯ ಪಠ್ಯ, ಎಸ್‌ವಿಜಿ, ಟಿಟಿಎಫ್. ಇಲ್ಲಿ ಹೆಸರುಗಳು ಅಕ್ಷರಶಃ ಹೊಂದಬೇಕು. ಜಾವಾಸ್ಕ್ರಿಪ್ಟ್‌ಗೆ ಫೈಲಿನ ಬಗೆಯನ್ನು ಸೂಚಿಸುವ ಮೂರು ಮಾಧ್ಯಮ ಹೆಸರುಗಳು ಚಲಾವಣೆಯಲ್ಲಿದ್ದವು: 'ಅಪ್ಲಿಕೇಶನ್/ಎಕ್ಸ್-ಜಾವಾಸ್ಕ್ರಿಪ್ಟ್', 'ಅಪ್ಲಿಕೇಶನ್/ಜಾವಾಸ್ಕ್ರಿಪ್ಟ್', 'ಟೆಕ್ಸ್ಟ್/ಜಾವಾಸ್ಕ್ರಿಪ್ಟ್'. ಪಟ್ಟಿಯಲ್ಲಿ ಒಂದನ್ನು ಬರೆದು, ಸರ್ವರ್ ಇನ್ನೊಂದನ್ನು ಕಳುಹಿಸುತ್ತಿದ್ದರೆ ಯಾವ ದೂರೂ ಬರುವುದಿಲ್ಲ, ಫೈಲು ಸುಮ್ಮನೆ ದಪ್ಪಗೆ ಹೋಗುತ್ತಿರುತ್ತದೆ. ಟಿಟಿಎಫ್‌ಗೂ ಅದೇ ಗತಿ: ಸರ್ವರಿನ ಮಾಧ್ಯಮ ಪಟ್ಟಿಯಲ್ಲಿ ಅದಕ್ಕೆ ಹೆಸರು ಇಲ್ಲದಿದ್ದರೆ ಅದು ಅನಾಮಧೇಯ ಬೈಟುಗಳಾಗಿ ಹೊರಡುತ್ತದೆ, ನಿಯಮ ಅದನ್ನು ಗುರುತಿಸುವುದಿಲ್ಲ. ಸಾಧ್ಯವಿದ್ದಲ್ಲಿ ಟಿಟಿಎಫ್ ಬಿಟ್ಟು ವೆಬ್‌ಗೆಂದೇ ಇರುವ ಅಕ್ಷರಶೈಲಿ ರೂಪವಾದ ವಾಫ್2ಕ್ಕೆ ಬದಲಾಯಿಸುತ್ತೇನೆ. ಅದರೊಳಗೆ ಬ್ರಾಟ್ಲಿ ಸಂಕುಚನ ಮೊದಲೇ ಆಗಿರುತ್ತದೆ, ಸರ್ವರ್ ಅದನ್ನು ಮುಟ್ಟಬಾರದು.

ಜೆಪೆಗ್, ಪಿಎನ್‌ಜಿ, ವೆಬ್‌ಪಿ, ಎಂಪಿ3, ವಿಡಿಯೋ, ಜಿಪ್ ಇವೆಲ್ಲ ಪಟ್ಟಿಯ ಹೊರಗೆ. ಕುಗ್ಗಿದ್ದನ್ನು ಇನ್ನೊಮ್ಮೆ ಕುಗ್ಗಿಸಿದರೆ ಸರ್ವರಿನ ಶ್ರಮ ದಂಡ, ಗಾತ್ರ ಕೆಲವೊಮ್ಮೆ ಹೆಚ್ಚುತ್ತದೆ ಕೂಡ. ಪಿಡಿಎಫ್ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಅದರ ಒಳಭಾಗ ಸಾಮಾನ್ಯವಾಗಿ ಆಗಲೇ ಕುಗ್ಗಿರುತ್ತದೆ. ಜೊತೆಗೆ, ಎಂಜಿನ್‌ಎಕ್ಸ್ ಉತ್ತರವನ್ನು ಕಳುಹಿಸುವ ಹೊತ್ತಿಗೇ ಕುಗ್ಗಿಸುವಾಗ ಫೈಲಿನ ನಡುವಿನ ತುಂಡನ್ನು ಮಾತ್ರ ಕೇಳುವ ಸೌಲಭ್ಯ ಇಲ್ಲವಾಗುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕವೊಂದರ ನೂರನೆಯ ಪುಟಕ್ಕೆ ನೇರವಾಗಿ ಹೋಗಬಯಸುವವನಿಗೆ ಆ ಸೌಲಭ್ಯ ಬೇಕೇ ಬೇಕು.

ಎಂಜಿನ್‌ಎಕ್ಸ್ 20 ಬೈಟಿನಿಂದಲೇ ಕುಗ್ಗಿಸಲು ಶುರುಮಾಡುತ್ತದೆ. ಜಿಜಿಪ್‌ನ ತಲೆಬಾಲಗಳೇ 18 ಬೈಟ್. ಹೇಗಿದ್ದರೂ ಒಂದೇ ಪೊಟ್ಟಣದಲ್ಲಿ ಹೋಗುವ ಉತ್ತರವನ್ನು ಹಿಂಡಿ ಪ್ರಯೋಜನವಿಲ್ಲವಾದ್ದರಿಂದ ಕೆಳಮಿತಿಯನ್ನು ಒಂದು ಸಾವಿರದ ಆಸುಪಾಸಿಗೆ ಏರಿಸುತ್ತೇನೆ. 'ವೇರಿ' ಚಾಲೂ, ಪ್ರಾಕ್ಸಿಯ ಮೂಲಕ ಬಂದವರಿಗೂ ಸಂಕುಚನ. ಸಂಕುಚನದ ಮಟ್ಟ ಐದೋ ಆರೋ ಸಾಕು; ಅದಕ್ಕಿಂತ ಮೇಲೆ ಹೋದರೆ ಶ್ರಮ ಏರುವಷ್ಟು ಲಾಭ ಏರುವುದಿಲ್ಲ. ಬದಲಾಗದ ಫೈಲುಗಳನ್ನು ಮಾತ್ರ ಪ್ರಕಟಣೆಯ ಹೊತ್ತಿಗೇ ಗರಿಷ್ಠ ಮಟ್ಟದಲ್ಲಿ, ಜಿಜಿಪ್‌ನ 9ರಲ್ಲೂ ಬ್ರಾಟ್ಲಿಯ 11ರಲ್ಲೂ, ಕುಗ್ಗಿಸಿ ಪಕ್ಕದಲ್ಲೇ ಇಡುತ್ತೇನೆ. ಬ್ರಾಟ್ಲಿಯ 11ನೆಯ ಮಟ್ಟ ತುಂಬ ನಿಧಾನ, ಓದುಗ ಕಾಯುತ್ತಿರುವಾಗ ಮಾಡುವ ಕೆಲಸ ಅದಲ್ಲ.

ಒಂದು ಜಾಗದಲ್ಲಿ ಸಂಕುಚನ ನಿಲ್ಲಿಸುತ್ತೇನೆ. 2013ರ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ತೋರಿಸಿದ 'ಬ್ರೀಚ್' ದಾಳಿ, ಎಚ್‌ಟಿಟಿಪಿಎಸ್ ಪುಟದ ಗಾತ್ರವನ್ನು ಅಳೆಯುತ್ತಲೇ ಅದರೊಳಗಿನ ಗುಟ್ಟನ್ನು ಊಹಿಸಬಹುದೆಂದು ಸಾಬೀತು ಮಾಡಿತು. ಪುಟದಲ್ಲಿ ಬಳಕೆದಾರನ ಗುಪ್ತ ಟೋಕನ್ (ಅವನನ್ನು ಗುರುತಿಸುವ ಗುಟ್ಟಿನ ಅಕ್ಷರಸರಣಿ) ಇದೆ, ವಿಳಾಸದಲ್ಲಿ ಕೊಟ್ಟ ಹುಡುಕುಪದವನ್ನು ಅದೇ ಪುಟ ಮರಳಿ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ದಾಳಿಕೋರನ ಊಹೆ ಟೋಕನ್ನಿನ ತುಣುಕಿಗೆ ಹೊಂದಿದರೆ ಪುಟ ಒಂದಿಷ್ಟು ಹೆಚ್ಚು ಕುಗ್ಗುತ್ತದೆ. ಹೀಗೆ ಅಕ್ಷರ ಅಕ್ಷರವಾಗಿ ಗುಟ್ಟು ಹೊರಬರುತ್ತದೆ. ಎಲ್ಲರಿಗೂ ಒಂದೇ ಆಗಿರುವ ಲೇಖನದ ಪುಟಕ್ಕೆ ಈ ಭಯವಿಲ್ಲ. ಲಾಗಿನ್, ಚಂದಾ, ಖಾತೆಯ ಪುಟಗಳ ದಾರಿಗೆ ಮಾತ್ರ ಜಿಜಿಪ್ ಬಂದ್.

ಪರೀಕ್ಷೆಗೆ ಬ್ರೌಸರ್ ಬೇಡ, ಆಜ್ಞಾಸಾಲಿನಿಂದ ಪುಟ ತರಿಸುವ ಕರ್ಲ್ ಎಂಬ ಉಪಕರಣ ಸಾಕು. ಒಂದೇ ವಿಳಾಸವನ್ನು ಹೆಡರ್ ಇಲ್ಲದೆ ಒಮ್ಮೆ, 'ಜಿಜಿಪ್' ಎಂದು ಒಮ್ಮೆ, 'ಬಿಆರ್' (ಬ್ರಾಟ್ಲಿ) ಎಂದು ಒಮ್ಮೆ ಕೇಳಿ, ಉತ್ತರದ 'ಕಂಟೆಂಟ್-ಎನ್‌ಕೋಡಿಂಗ್', 'ವೇರಿ' ಮತ್ತು ಗಾತ್ರವನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಪುಟಕ್ಕೆ ಮಾತ್ರವಲ್ಲ, ಒಂದು ಸಿಎಸ್‌ಎಸ್, ಒಂದು ಜೇಸನ್, ಒಂದು ಅಕ್ಷರಶೈಲಿ, ಒಂದು ಪಿಡಿಎಫ್‌ಗೂ ಇದನ್ನೇ ಮಾಡಬೇಕು. ನಡುವೆ ಓದುಗರ ಹತ್ತಿರದಿಂದ ಪುಟ ಹಂಚುವ ಸಿಡಿಎನ್ ಜಾಲ ಇದ್ದರೆ ಅದರ ಮೂಲಕ ಒಮ್ಮೆ, ಮೂಲ ಸರ್ವರಿಗೆ ನೇರವಾಗಿ ಒಮ್ಮೆ. ಮೇಲೆ ಹೇಳಿದ ಎಚ್‌ಟಿಟಿಪಿ 1.0ರ ತೊಡಕು ಸಿಗುವುದು ಈ ಕೊನೆಯ ಹೋಲಿಕೆಯಲ್ಲಿ.

ಉಳಿದದ್ದು ಝಡ್‌ಸ್ಟ್ಯಾಂಡರ್ಡ್ ಎಂಬ ಇನ್ನೊಂದು ಸಂಕುಚನ ವಿಧಾನ. ಕ್ರೋಮ್ 123 ಮತ್ತು ಫೈರ್‌ಫಾಕ್ಸ್ 126 ಅದನ್ನು 2024ರಲ್ಲಿ ಸೇರಿಸಿಕೊಂಡವು. ಹುಡುಕಾಟದ ಫಲಿತಾಂಶದಂತೆ ಆ ಕ್ಷಣಕ್ಕೇ ಹುಟ್ಟುವ ಪುಟಗಳಿಗೆ ಅದರ ವೇಗ ಒಪ್ಪುತ್ತದೆ. ಬ್ರಾಟ್ಲಿಯಂತೆ ಇದಕ್ಕೂ ಎಂಜಿನ್‌ಎಕ್ಸ್‌ಗೆ ಹೊರಗಿನ ಮಾಡ್ಯೂಲ್ ಜೋಡಿಸಬೇಕು, ಸರ್ವರ್ ಹೊಸ ಆವೃತ್ತಿಗೆ ಏರಿದಾಗಲೆಲ್ಲ ಆ ಮಾಡ್ಯೂಲನ್ನೂ ಹೊಂದಿಸಬೇಕು. ಒಬ್ಬರೇ ಬಿಡುವಿನಲ್ಲಿ ನೋಡಿಕೊಳ್ಳುವ ಸಣ್ಣ ಕನ್ನಡ ತಾಣಕ್ಕೆ ಸದ್ಯಕ್ಕೆ ಬ್ರಾಟ್ಲಿಯೊಂದನ್ನು ಸೇರಿಸಿಕೊಳ್ಳಿ, ಅದೂ ಕಷ್ಟವೆನಿಸಿದರೆ ಜಿಜಿಪ್‌ನ ಪಟ್ಟಿಯ ಮುಂದಿನ ಹ್ಯಾಷ್ ಚಿಹ್ನೆಯನ್ನಾದರೂ ಇವತ್ತೇ ತೆಗೆಯಿರಿ ಎಂದು ಹೇಳುತ್ತೇನೆ.